ಮಾತು ಕಲಿಸುವವರು ಕೇಳುಗರು

ಮನುಷ್ಯನ ಮೈಯಲ್ಲಿ ಒತ್ತಡ ಹುಟ್ಟಿಸಿ ಅದನ್ನು ಅಳೆಯಬೇಕಾದ ವಿಜ್ಞಾನಿಗಳು ಏನು ಮಾಡುತ್ತಾರೆ? ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಸುವುದು ಹಳೆಯ ವಿಧಾನ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಇನ್ನೊಂದು ವಿಧಾನ ಪ್ರಕಟಿಸಿದರು. ಇವತ್ತು ಜಗತ್ತಿನ ಅನೇಕ ಪ್ರಯೋಗಾಲಯಗಳು ಅದನ್ನೇ ನೆಚ್ಚಿಕೊಂಡಿವೆ. ಪ್ರಯೋಗಕ್ಕೆ ಬಂದವರಿಗೆ ತಯಾರಿಗೆಂದು ಸ್ವಲ್ಪ ಹೊತ್ತು ಕೊಟ್ಟು, ಕೆಲಸದ ಸಂದರ್ಶನಕ್ಕೆ ಬಂದವರ ಹಾಗೆ ಐದು ನಿಮಿಷ ನಿಂತು ಮಾತಾಡಿ ಎನ್ನುತ್ತಾರೆ. ಆಮೇಲೆ ಅದೇ ಜನರ ಮುಂದೆ 1022ರಿಂದ 13ನ್ನು ಕಳೆಯುತ್ತಾ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಎದುರಿಗೆ ಕೂತವರಿಗೆ ಕೊಟ್ಟಿರುವ ಸೂಚನೆ ಮಾತ್ರ ಬಹಳ ಸರಳ: ಮುಖದಲ್ಲಿ ಏನನ್ನೂ ತೋರಿಸಬಾರದು. ನಗಬಾರದು, ತಲೆದೂಗಬಾರದು, ಹೂಂ ಎನ್ನಬಾರದು. ಅಷ್ಟಕ್ಕೇ ಹೆಚ್ಚಿನವರ ಎದೆಬಡಿತ ಏರುತ್ತದೆ, ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚುತ್ತದೆ.

2013ರಲ್ಲಿ ಬೋಕಮ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಸ್ವಲ್ಪ ಬದಲಿಸಿದರು. ಲೆಕ್ಕವನ್ನು ಕೈಬಿಟ್ಟರು; ಎದುರಿಗೆ ಕೂತವರು ನಗುಮುಖದಿಂದ, ಆಸಕ್ತಿಯಿಂದ ಕೇಳುವಂತೆ ಮಾಡಿದರು. ಅಪರಿಚಿತರ ಮುಂದೆ ನಿಂತು ಮಾತಾಡುವ ಕೆಲಸ ಹಾಗೆಯೇ ಇತ್ತು. ಕಾರ್ಟಿಸಾಲ್ ಏರಲಿಲ್ಲ.

ಸಭಾಕಂಪದ ಬಗ್ಗೆ ಯೋಚಿಸುವವರು ಮೊದಲು ಗಮನಿಸಬೇಕಾದದ್ದು ಇದನ್ನೇ ಎಂದು ನನ್ನ ಭಾವನೆ. ಎದ್ದು ನಿಂತ ಕೂಡಲೇ ಗಂಟಲು ಒಣಗಿ ಕೈ ನಡುಗುವುದನ್ನು ನಾವು ಆ ವ್ಯಕ್ತಿಯ ಕೊರತೆ ಎಂದುಕೊಳ್ಳುತ್ತೇವೆ. ಧೈರ್ಯ ಸಾಲದು, ಸ್ವಭಾವ ಪುಕ್ಕಲು, ಮಾತು ಬಲ್ಲವರ ಮನೆಯಲ್ಲಿ ಹುಟ್ಟಿಲ್ಲ ಎಂದೆಲ್ಲ ಕಾರಣ ಕೊಡುತ್ತೇವೆ. ಆದರೆ ಆ ನಡುಕದ ದೊಡ್ಡ ಪಾಲು ಎದುರಿನ ಕುರ್ಚಿಗಳಿಂದ ಬರುತ್ತದೆ. ಕೇಳುವವರನ್ನು ಬದಲಿಸಿದರೆ ಮಾತಾಡುವವರು ಬದಲಾಗುತ್ತಾರೆ. ಮಾತಿನ ಅಭ್ಯಾಸಕ್ಕೆಂದು ಕಟ್ಟಿಕೊಂಡ ಕ್ಲಬ್ಬು, ಕೂಟ, ಸಂಘಗಳು ಫಲ ಕೊಡುತ್ತಿದ್ದರೆ ಅದಕ್ಕೆ ಕಾರಣ ಅಲ್ಲಿ ಕಲಿಸುವ ಕೈಸನ್ನೆ, ದನಿಯ ಏರಿಳಿತಗಳಲ್ಲ. ಅಲ್ಲಿ ನಿಮ್ಮನ್ನು ಕೇಳಲೆಂದೇ ಕೆಲವರು ಕೂತಿರುತ್ತಾರೆ, ಮುಂದಿನ ವಾರವೂ ಬರುತ್ತಾರೆ.

ನಮ್ಮಲ್ಲಿ ಮಕ್ಕಳಿಗೆ ಮಾತು ಕಲಿಸುವ ರೀತಿ ಇದಕ್ಕೆ ತದ್ವಿರುದ್ಧ. ಶಾಲೆಯ ಭಾಷಣ ಸ್ಪರ್ಧೆಯನ್ನು ನೆನಪಿಸಿಕೊಳ್ಳಿ. ಮೇಷ್ಟ್ರು ಎರಡು ಪುಟ ಬರೆದುಕೊಡುತ್ತಾರೆ. ಮಗು ಅದನ್ನು ವಾರವಿಡೀ ಉರು ಹೊಡೆಯುತ್ತದೆ. ವೇದಿಕೆ ಹತ್ತಿ, ಎರಡೂ ಕೈಯನ್ನು ಪಕ್ಕಕ್ಕೆ ಬಿಗಿಹಿಡಿದು, ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ, ನನ್ನ ನೆಚ್ಚಿನ ಗುರುಗಳೇ ಎಂದು ಒಂದೇ ಉಸಿರಿನಲ್ಲಿ ಶುರುಮಾಡುತ್ತದೆ. ನಡುವೆ ಒಂದು ಸಾಲು ತಪ್ಪಿದರೆ ಮುಂದಿನದ್ದೆಲ್ಲ ಮರೆತುಹೋಗುತ್ತದೆ. ಏಕೆಂದರೆ ಆ ಮಾತು ಅದರದ್ದಲ್ಲ. ಕೆಳಗೆ ಕೂತ ನಿರ್ಣಾಯಕರು ತಲೆ ಎತ್ತದೆ ಅಂಕ ಬರೆಯುತ್ತಿರುತ್ತಾರೆ. ಟ್ರಿಯರ್‌ನ ಪ್ರಯೋಗಾಲಯಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮರುವರ್ಷ ಶಾಲೆ ಯಾರನ್ನು ಕಳಿಸುತ್ತದೆ? ಕಳೆದ ಸಲ ಬಹುಮಾನ ತಂದವರನ್ನೇ. ಪ್ರತಿಭಾ ಕಾರಂಜಿಯಂಥ ಕಾರ್ಯಕ್ರಮಗಳು ಮಾತು ಬಲ್ಲ ಮಕ್ಕಳನ್ನು ಗುರುತಿಸುತ್ತವೆ, ಅದು ಒಳ್ಳೆಯದೇ. ಆದರೆ ಸಾಲು ಮರೆತು ಕಣ್ಣೀರು ಹಾಕಿಕೊಂಡು ಇಳಿದ ಮಗುವಿಗೆ ಎರಡನೆಯ ಸರದಿ ಸಿಗುವ ಜಾಗ ಇಡೀ ವ್ಯವಸ್ಥೆಯಲ್ಲಿ ಎಲ್ಲಿದೆ? ಮಾತು ತನಗಲ್ಲ ಎಂದು ಹತ್ತನೇ ವಯಸ್ಸಿಗೇ ತೀರ್ಮಾನಿಸಿಕೊಂಡು ಬೆಳೆದ ಎಷ್ಟೋ ಜನ ನಮ್ಮ ನಡುವೆಯೇ ಇದ್ದಾರೆ.

ಹುಟ್ಟುಗುಣದ ಮಾತು ಎಷ್ಟು ಸುಳ್ಳು ಎಂಬುದಕ್ಕೆ ಗಾಂಧೀಜಿಯ ಆತ್ಮಕಥೆಗಿಂತ ಬೇರೆ ಸಾಕ್ಷಿ ಬೇಡ. ಲಂಡನ್ನಿನಲ್ಲಿ ಅವರು ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಸಭೆ ತಪ್ಪಿಸುತ್ತಿರಲಿಲ್ಲ, ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಸದಸ್ಯರನ್ನು ಅವರ ಅಭಿಪ್ರಾಯಕ್ಕಾಗಿ ಹೊರಹಾಕುವ ಪ್ರಶ್ನೆ ಬಂದಾಗ ಗಾಂಧಿಯವರಿಗೆ ಸ್ಪಷ್ಟವಾದ ನಿಲುವಿತ್ತು; ಅದನ್ನು ಕಾಗದದ ಮೇಲೆ ಬರೆದುಕೊಂಡು ಹೋದರು, ಓದುವ ಧೈರ್ಯ ಬಾರದೆ ಬೇರೊಬ್ಬರಿಂದ ಓದಿಸಬೇಕಾಯಿತು. ಊರಿಗೆ ಹೊರಡುವ ಮುನ್ನ ಗೆಳೆಯರಿಗೆ ಹೋಬರ್ನ್ ರೆಸ್ಟೋರೆಂಟಿನಲ್ಲಿ ಔತಣ ಕೊಟ್ಟಾಗಲೂ ಸಿದ್ಧಪಡಿಸಿಕೊಂಡ ಭಾಷಣ ಮೊದಲ ವಾಕ್ಯಕ್ಕೇ ನಿಂತಿತು. ಬ್ಯಾರಿಸ್ಟರ್ ಆಗಿ ಮುಂಬಯಿಗೆ ಬಂದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ನಿಂತರೆ ತಲೆ ಸುತ್ತಿ, ಸಾಕ್ಷಿಗೆ ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು, ಮೊಕದ್ದಮೆಯನ್ನು ಬೇರೆ ವಕೀಲರಿಗೆ ಒಪ್ಪಿಸಿ ಹೊರಬಂದರು.

ಇಂಥವರು 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರ ಸಭೆ ಕರೆದು ಮಾತಾಡಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದರೆ ಅದೇ ಎಂದು ಅವರೇ ಬರೆದುಕೊಂಡಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ಕೇಳಲು ಬಂದವರಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಆ ದಿನ ಪವಾಡ ನಡೆಯಿತು ಎಂದು ಓದಿ ಮುಗಿಸುವವರೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ ವಿವರ: ಇಂಥ ಸಭೆಯನ್ನು ಆಗಾಗ ನಡೆಸಬೇಕೆಂದು ಅಲ್ಲಿ ನಿಶ್ಚಯವಾಯಿತು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂದು ಗಾಂಧೀಜಿಗೆ ಆತ್ಮಕಥೆ ಬರೆಯುವಾಗ ಖಚಿತ ನೆನಪಿರಲಿಲ್ಲ. ಆದರೆ ಸಭೆಗಳು ಹೆಚ್ಚುಕಡಿಮೆ ತಪ್ಪದೆ ನಡೆದವು, ಪ್ರಿಟೋರಿಯಾದ ಭಾರತೀಯರೆಲ್ಲರ ಪರಿಚಯವೂ ಅವರಿಗಾಯಿತು. ಇಲ್ಲಿ ಎರಡು ಸಂಗತಿ ಒಟ್ಟಿಗೆ ಇದ್ದವು. ಕೇಳುವವರ ಬದುಕಿಗೆ ತಾಗುವ ವಿಷಯ ಒಂದು. ಮತ್ತೆ ಮತ್ತೆ ಸೇರುವ ಅದೇ ಮುಖಗಳು ಇನ್ನೊಂದು. ಮೊದಲು ಧೈರ್ಯ ಬಂದು ಆಮೇಲೆ ಮಾತು ಬಂದಿದ್ದಲ್ಲ. ಮಾತಾಡುತ್ತಾ ಹೋದ ಹಾಗೆ ಧೈರ್ಯ ಬೆಳೆಯಿತು.

ಇದೇ ತಿಳಿವಳಿಕೆಯ ಮೇಲೆ ಒಂದು ಸಂಸ್ಥೆಯನ್ನೇ ಕಟ್ಟಿದವರು ಅಮೆರಿಕದ ರಾಲ್ಫ್ ಸ್ಮೆಡ್ಲಿ. ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನ ವೈಎಂಸಿಎಯಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ಅವರು, ಅಲ್ಲಿಗೆ ಬರುವ ಹುಡುಗರಿಗೆ ನಾಲ್ಕು ಜನರ ಮುಂದೆ ಮಾತಾಡುವುದಾಗಲಿ ಒಂದು ಸಭೆ ನಡೆಸುವುದಾಗಲಿ ಬಾರದಿರುವುದನ್ನು ಕಂಡು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಒಂದು ಕೂಟ ಶುರುಮಾಡಿದರು. ಅವರು ಊರು ಬದಲಿಸಿದ ಹಾಗೆ ಹಿಂದಿನ ಕೂಟಗಳು ಸೊರಗಿದವು. ಕೊನೆಗೆ 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾ ಊರಿನ ವೈಎಂಸಿಎ ನೆಲಮಾಳಿಗೆಯಲ್ಲಿ ಆರಂಭಿಸಿದ ಕ್ಲಬ್ ಬೇರು ಬಿಟ್ಟಿತು. ಇವತ್ತು ಟೋಸ್ಟ್‌ಮಾಸ್ಟರ್ಸ್ ಇಂಟರ್‌ನ್ಯಾಷನಲ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಹಬ್ಬಿದೆ. ಬೆಂಗಳೂರಿನ ಐಟಿ ಕಂಪನಿಗಳ ಒಳಗೆ, ಮೈಸೂರು, ಮಂಗಳೂರುಗಳಲ್ಲಿ ಇದರ ಕ್ಲಬ್ಬುಗಳಿವೆ.

ಒಂದು ಸಭೆಯಲ್ಲಿ ಕೂತು ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಇಪ್ಪತ್ತು ಜನರ ಕೋಣೆ. ಅಲ್ಲಿ ಗುರುಗಳು ಯಾರೂ ಇಲ್ಲ. ಈ ವಾರ ಸಭೆ ನಡೆಸುವವರು ಮುಂದಿನ ವಾರ ಗಡಿಯಾರ ಹಿಡಿಯುತ್ತಾರೆ, ಅದರ ಮುಂದಿನ ವಾರ ಭಾಷಣ ಮಾಡುತ್ತಾರೆ. ಹೊಸಬರ ಮೊದಲ ಭಾಷಣ ತಮ್ಮ ಬಗ್ಗೆಯೇ, ನಾಲ್ಕರಿಂದ ಆರು ನಿಮಿಷ. ನಾಲ್ಕಕ್ಕೆ ಹಸಿರು ಕಾರ್ಡು, ಐದಕ್ಕೆ ಹಳದಿ, ಆರಕ್ಕೆ ಕೆಂಪು. ಮ್ಯಾನೇಜರ್ ಆದರೂ ನಿನ್ನೆ ಸೇರಿದ ಹುಡುಗಿಯಾದರೂ ಕೆಂಪಿನ ಲೆಕ್ಕ ಒಂದೇ. ಇನ್ನೊಂದು ಭಾಗದಲ್ಲಿ ಆ ಕ್ಷಣಕ್ಕೆ ಒಂದು ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿ ಎನ್ನುತ್ತಾರೆ. ಪ್ರತಿ ಭಾಷಣಕ್ಕೂ ಒಬ್ಬರು ವಿಮರ್ಶಕರಿರುತ್ತಾರೆ. ಅವರು ಎದ್ದು, ನಿಮ್ಮ ಅಜ್ಜಿಯ ಕಥೆ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದ್ದರು, ಆದರೆ ಆರಂಭಕ್ಕೆ ಎರಡು ನಿಮಿಷ ಹಿಡಿಯಿತು, ಮುಂದಿನ ಸಲ ಕಥೆಯಿಂದಲೇ ಶುರುಮಾಡಿ ಎಂದು ಹೇಳುತ್ತಾರೆ. ಆ ವಿಮರ್ಶೆಯೂ ಒಂದು ಭಾಷಣವೇ. ಅದಕ್ಕೂ ಕೆಂಪು ಕಾರ್ಡಿದೆ.

ಲೆಕ್ಕ ಹಾಕಿ ನೋಡಿ. ಸಭೆಯ ಹೊತ್ತಿನಲ್ಲಿ ಪ್ರತಿಯೊಬ್ಬ ಸದಸ್ಯರು ಮಾತಾಡುವುದು ಕೆಲವೇ ನಿಮಿಷ, ಉಳಿದಷ್ಟು ಹೊತ್ತೂ ಕೇಳುವುದೇ. ಅದೂ ಹೊಣೆಯಿಂದ ಕೇಳುವುದು, ಏಕೆಂದರೆ ಕೇಳಿದ್ದರ ಬಗ್ಗೆ ಹೇಳಬೇಕು. ಹೀಗೆ ಕೇಳುತ್ತಾ ಕೂತಾಗಲೇ ಸಭಾಕಂಪದ ಒಂದು ದೊಡ್ಡ ಭ್ರಮೆ ಕಳಚುತ್ತದೆ. ಕೆನೆತ್ ಸವಿಟ್‌ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ತಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಎಂದು ಮಾತಾಡುವವರು ನಂಬಿರುತ್ತಾರೆ. ಕೇಳುವವರಿಗೆ ಕಾಣುವುದು ಅದಕ್ಕಿಂತ ಬಹಳ ಕಡಿಮೆ. ಈ ಸಂಗತಿಯನ್ನು ಮೊದಲೇ ಕೇಳಿ ತಿಳಿದವರ ಭಾಷಣ ಉಳಿದವರಿಗಿಂತ ಚೆನ್ನಾಗಿ ಆಯಿತು. ಕ್ಲಬ್ಬಿನಲ್ಲಿ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಮಾತು ಮುಗಿಸಿ ಬಂದು ಪಕ್ಕದಲ್ಲಿ ಕೂತವರು ನನ್ನ ಕಾಲು ನಡುಗುತ್ತಿತ್ತು ಎಂದಾಗ, ನಮಗೆ ಗೊತ್ತೇ ಆಗಲಿಲ್ಲವಲ್ಲ ಎಂದು ನಾವು ಮನಸಾರೆ ಹೇಳುತ್ತೇವೆ. ನಮ್ಮ ಸರದಿ ಬಂದಾಗ ಅದು ನೆನಪಿರುತ್ತದೆ.

ಇಂಥ ಕ್ಲಬ್ಬುಗಳ ಮೇಲೆ ಆಕ್ಷೇಪಗಳೂ ಇವೆ, ಕೆಲವು ಸರಿಯಾದವೇ. ಅಲ್ಲಿ ಚಪ್ಪಾಳೆ ಸುಲಭವಾಗಿ ಸಿಗುತ್ತದೆ, ಹೊರಜಗತ್ತು ಅಷ್ಟು ಉದಾರವಲ್ಲ ಎನ್ನುತ್ತಾರೆ. ಹೊರಜಗತ್ತು ಉದಾರವಲ್ಲ, ನಿಜ. ಅದಕ್ಕೇ ತಾನೆ ಕಲಿಯುವವರಿಗೆ ಬೇರೆ ಜಾಗ ಬೇಕಾಗಿರುವುದು. ಇನ್ನೊಂದು ಆಕ್ಷೇಪ ಇನ್ನೂ ತೂಕದ್ದು. ಹೇಳುವ ರೀತಿ ಕಲಿಸಿ ಹೇಳಬೇಕಾದ್ದನ್ನು ಕಲಿಸದಿದ್ದರೆ ನಯವಾದ ಮಾತಿನ ಟೊಳ್ಳು ಜನ ತಯಾರಾಗುತ್ತಾರೆ. ಇದನ್ನು ನಾನು ಒಪ್ಪುತ್ತೇನೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೆಲವರ ಭಾಷಣಗಳು ಒಂದೇ ಅಚ್ಚಿನಲ್ಲಿರುತ್ತವೆ: ಆರಂಭಕ್ಕೆ ಒಂದು ಪ್ರಶ್ನೆ, ನಡುವೆ ಸೋಲಿನ ಕಥೆ, ಕೊನೆಗೆ ಸ್ಫೂರ್ತಿಯ ಸಾಲು. ಇದಕ್ಕೆ ಮದ್ದು ಓದು. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದುದು ವಿಷಯ ತಿಳಿದು ಮಾತಾಡುವ ಪ್ರಜೆ. ಓದುವ ಗೋಷ್ಠಿ ಮತ್ತು ಮಾತಿನ ಕ್ಲಬ್ಬು ಒಂದೇ ಸೂರಿನಡಿ ಇರುವುದೇ ಸರಿ.

ಟೋಸ್ಟ್‌ಮಾಸ್ಟರ್ಸ್ ಪದ್ಧತಿಯ ಒಂದು ಅಂಶದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಮಾತಿನ ನಡುವೆ ಬರುವ ‘ಆ’, ‘ಅಂ’ಗಳನ್ನು ಎಣಿಸಲೆಂದೇ ಅಲ್ಲಿ ಒಬ್ಬರಿರುತ್ತಾರೆ, ಕೊನೆಗೆ ಲೆಕ್ಕ ಓದುತ್ತಾರೆ. ಪಳಗಿದವರಿಗೆ ಅದು ಉಪಯುಕ್ತ. ಮೊದಲ ಸಲ ನಿಂತವರಿಗೆ, ಅದರಲ್ಲೂ ಉಗ್ಗು ಇರುವವರಿಗೆ, ಆ ಎಣಿಕೆ ಬೇಡ. ತಡವರಿಸುವುದು ತಪ್ಪಲ್ಲ. ಯೋಚಿಸಿ ಮಾತಾಡುವವರು ತಡವರಿಸುತ್ತಾರೆ, ನಾವು ಕಾಯಬೇಕು ಅಷ್ಟೆ.

ಕ್ಲಬ್ಬಿನ ಕಲ್ಪನೆ ಹೊರಗಿನದು, ನಮ್ಮ ಮಣ್ಣಿಗೆ ಒಗ್ಗದು ಎನ್ನುವವರು ಕರಾವಳಿಗೆ ಹೋಗಿ ಒಂದು ತಾಳಮದ್ದಲೆ ಕೂಟದಲ್ಲಿ ಕೂರಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಶಲ್ಯ ತೊಟ್ಟು ಎದುರುಬದುರು ಕೂತ ಅರ್ಥಧಾರಿಗಳು ಆ ಪದದ ಎಳೆ ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆಯಿಲ್ಲ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳಿದರೆ ರಾಮನ ಅರ್ಥ ಹೇಳುವವರು ಅಲ್ಲೇ, ಆಗಲೇ ಉತ್ತರ ಕೊಡಬೇಕು. ಎದುರಾಳಿ ಇವತ್ತು ಹಾಕಿದ ಪಟ್ಟು ನಾಳೆ ಹಾಕುವುದಿಲ್ಲ, ಹಾಗಾಗಿ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ, ಕಿವಿಗೊಟ್ಟು ಕೇಳಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಈ ಕಲೆಯ ಶಿಖರಗಳು. ಆದರೆ ನನ್ನ ವಾದಕ್ಕೆ ಬೇಕಾದವರು ಶಿಖರದವರಲ್ಲ. ಊರಿನ ದೇವಸ್ಥಾನದ ಚಾವಡಿಯಲ್ಲಿ ತಪ್ಪದೆ ಸೇರುವ ಹವ್ಯಾಸಿ ಸಂಘಗಳಿವೆ. ಅಲ್ಲಿ ಅಂಗಡಿಯವರು, ಮೇಷ್ಟ್ರು, ಅಡಿಕೆ ಕೃಷಿಕರು, ಬ್ಯಾಂಕಿನವರು ಸೇರುತ್ತಾರೆ. ಹೊಸಬರಿಗೆ ಮೊದಲು ದೂತನಂಥ ಸಣ್ಣ ಪಾತ್ರ. ಹಿರಿಯರು ಎದುರು ಕೂತು, ಅವರು ಸಿಕ್ಕಿಕೊಂಡಾಗ ಒಂದು ಪ್ರಶ್ನೆ ಎಸೆದು ಎಳೆ ಕೈಗೆ ಕೊಡುತ್ತಾರೆ. ಕೇಳಲು ಬಂದವರು ಕಥೆ ಬಲ್ಲವರು. ತಪ್ಪಿದರೆ ತಿಳಿಯುತ್ತದೆ, ಹೊಳೆದರೆ ತಲೆದೂಗುತ್ತಾರೆ. ನಿಯತ ದಿನ, ಸರದಿ, ಬಲ್ಲ ಕೇಳುಗರು, ಸಣ್ಣದರಿಂದ ದೊಡ್ಡದಕ್ಕೆ ಏರುವ ಮೆಟ್ಟಿಲು. ಸಾಂತಾ ಆನಾದ ನೆಲಮಾಳಿಗೆಯಲ್ಲಿ ಇದ್ದದ್ದೆಲ್ಲ ಇಲ್ಲೂ ಇದೆ. ಕರಾವಳಿಯಲ್ಲಿ ಸಾಮಾನ್ಯರೂ ಸಭೆಯಲ್ಲಿ ಸಲೀಸಾಗಿ ಮಾತಾಡುತ್ತಾರೆ ಎಂದು ಹೊರಗಿನವರು ಬೆರಗಾಗುವುದುಂಟು. ನೀರಿನ ಗುಣವಲ್ಲ ಅದು, ಕೂಟದ ಗುಣ.

ಎರಡೂ ಕಡೆ ಒಂದೇ ಕುಂದೂ ಇತ್ತು. ಟೋಸ್ಟ್‌ಮಾಸ್ಟರ್ಸ್ 1973ರವರೆಗೆ ಹೆಣ್ಣುಮಕ್ಕಳನ್ನು ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ; ಅವರು ಅಷ್ಟರಲ್ಲಿ ತಮ್ಮದೇ ಟೋಸ್ಟ್‌ಮಿಸ್ಟ್ರೆಸ್ ಕ್ಲಬ್ಬುಗಳನ್ನು ಕಟ್ಟಿಕೊಂಡಿದ್ದರು. ತಾಳಮದ್ದಲೆಯೂ ಬಹುಕಾಲ ಗಂಡಸರ ಕೂಟವಾಗಿಯೇ ಇತ್ತು, ಮಹಿಳೆಯರ ತಂಡಗಳು ಬಂದದ್ದು ಈಚೆಗೆ. ಯಾರಿಗೆ ಸರದಿ ಸಿಗುತ್ತದೆಯೋ ಅವರಿಗೆ ಮಾತು ಬರುತ್ತದೆ. ಸರದಿ ಸಿಗದವರನ್ನು ನಾವು ಮಾತು ಬಾರದವರು ಎಂದು ಕರೆಯುತ್ತೇವೆ.

ಇದು ಕೆಲಸಕ್ಕೆ, ಬಡ್ತಿಗೆ ಬೇಕಾದ ಕೌಶಲದ ಪ್ರಶ್ನೆ ಮಾತ್ರ ಅಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ಆ ಸಭೆಯಲ್ಲಿ ಮೈಕು ಯಾರ ಕೈಯಲ್ಲಿರುತ್ತದೆ? ಮನೆಯ ಪಟ್ಟಿಯಲ್ಲಿ ತನ್ನ ಹೆಸರು ಏಕಿಲ್ಲ, ಕೊಳವೆಬಾವಿಯ ಮೋಟಾರು ಕೆಟ್ಟು ಎಷ್ಟು ದಿನವಾಯಿತು ಎಂದು ಎದ್ದು ಕೇಳಬೇಕಾದವರು ಹಿಂದಿನ ಸಾಲಿನಲ್ಲಿ ಪಕ್ಕದವರ ಕಿವಿಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ಅವರಿಗೆ ವಿಷಯ ಗೊತ್ತಿಲ್ಲವೆಂದಲ್ಲ, ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಹತ್ತಾರು ಜನ ತಿರುಗಿ ನೋಡುವಾಗ ಒಂದು ವಾಕ್ಯ ಮುಗಿಸುವ ಅಭ್ಯಾಸ ಮಾತ್ರ ಇಲ್ಲ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗಳು ಈ ಅಭ್ಯಾಸವನ್ನು ಸದ್ದಿಲ್ಲದೆ ಕೊಟ್ಟಿವೆ. ಉಳಿತಾಯದ ಲೆಕ್ಕ ಹೇಳಲು, ಸಾಲ ಏಕೆ ಬೇಕೆಂದು ವಿವರಿಸಲು ಅಲ್ಲಿ ಪ್ರತಿಯೊಬ್ಬರೂ ಬಾಯಿ ಬಿಡಲೇಬೇಕು. ಸಾಲಕ್ಕೆಂದು ಸೇರಿದವರು ಅಲ್ಲಿ ಮಾತನ್ನೂ ಗಳಿಸುತ್ತಾರೆ.

ಹಣ ಕೊಟ್ಟು ಸೇರುವ ಶಿಬಿರಗಳ ಬಗ್ಗೆ ಒಂದು ಮಾತು. ಕೆಲವೇ ದಿನಗಳಲ್ಲಿ ಭಾಷಣ ಕಲಿಸುತ್ತೇವೆಂಬ ಫಲಕಗಳು ಊರೂರಲ್ಲಿವೆ. ಅಲ್ಲಿ ತರಬೇತುದಾರರು ಮಾತಾಡುತ್ತಾರೆ, ಕಲಿಯುವವರು ಬರೆದುಕೊಳ್ಳುತ್ತಾರೆ. ಕೊನೆಯ ದಿನ ಪ್ರಮಾಣಪತ್ರ ಕೈಗೆ ಬರುತ್ತದೆ, ಕೇಳುಗರು ಚದುರುತ್ತಾರೆ. ಒಮ್ಮೆ ಕಡಿಮೆಯಾದ ಭಯ ಮತ್ತೆ ಬರುತ್ತದೆ. ಬಂದಾಗ ಹೋಗಿ ನಿಲ್ಲಲು ಜಾಗವಿರುವುದಿಲ್ಲ. ಆ ಹಣ ಉಳಿಸಿಕೊಳ್ಳಿ.

ಈಗಿರುವ ಕ್ಲಬ್ಬುಗಳಲ್ಲಿ ಹೆಚ್ಚಿನವು ನಗರದವು, ಇಂಗ್ಲಿಷಿನವು. ಇಂಗ್ಲಿಷು ಬೇಕಾದವರು ಅವುಗಳನ್ನು ಧಾರಾಳವಾಗಿ ಸೇರಲಿ, ಖಂಡಿತ ಲಾಭವಿದೆ. ಆದರೆ ಮನೆಮಾತಿನಲ್ಲೇ ಎದ್ದು ನಿಲ್ಲಲು ಹೆದರುವವರಿಗೆ ಪರಭಾಷೆಯ ಭಯವನ್ನೂ ಸೇರಿಸಿ ಕೊಡುವುದು ನ್ಯಾಯವಲ್ಲ. ಕನ್ನಡದಲ್ಲಿ, ತಾಲ್ಲೂಕು ಹೋಬಳಿಗಳಲ್ಲಿ ಇಂಥ ಕೂಟಗಳು ಬೇಕು. ಅದಕ್ಕೆ ಯಾವ ಸಂಸ್ಥೆಯ ಅನುಮತಿಯೂ ಬೇಡ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಿವೆ, ಶಾಲೆಯ ಕೊಠಡಿಗಳು ಸಂಜೆ ಖಾಲಿ ಇರುತ್ತವೆ. ಹನ್ನೆರಡು ಹದಿನೈದು ಜನ, ತಪ್ಪದ ಒಂದು ದಿನ, ಸಮಯ ನೋಡಲು ಒಂದು ಮೊಬೈಲು, ಮೂರು ಬಣ್ಣದ ಕಾಗದ ಸಾಕು. ಹಾರ ಬೇಡ, ಅಧ್ಯಕ್ಷರ ಭಾಷಣ ಬೇಡ, ವಂದನಾರ್ಪಣೆ ಬೇಡ. ಸಭೆ ನಡೆಸುವವರು ವಾರವಾರ ಬದಲಾಗಲಿ. ಒಬ್ಬರನ್ನೇ ನೆಚ್ಚಿದ ಕೂಟ ಅವರು ಹೋದ ದಿನ ಮುಗಿಯುತ್ತದೆಂದು ಸ್ಮೆಡ್ಲಿಯವರ ಅನುಭವವೇ ಹೇಳುತ್ತದೆ. ತಿಂಗಳಿಗೊಂದು ಪುಸ್ತಕ ಓದಿ ಅದರ ಬಗ್ಗೆ ಮಾತಾಡಿ. ಪಂಚಾಯಿತಿಯ ಬಜೆಟ್ ಪ್ರತಿ ತಂದು ಅದರ ಬಗ್ಗೆಯೂ ಮಾತಾಡಿ. ಬಂದವರಲ್ಲಿ ಅರ್ಧ ಹೆಣ್ಣುಮಕ್ಕಳಿರುವ ಹಾಗೆ, ಅವರಿಗೆ ಹೊಂದುವ ಹೊತ್ತನ್ನೇ ಗೊತ್ತುಮಾಡಿ. ಮೊದಲ ವಾರ ಯಾರೂ ಏಳದಿದ್ದರೆ ನಿಮ್ಮ ಹೆಸರು, ನಿಮ್ಮ ಊರು, ನಿಮ್ಮ ಕೆಲಸದ ಬಗ್ಗೆ ಎರಡು ನಿಮಿಷ ನೀವೇ ಎದ್ದು ಹೇಳಿ, ಆಮೇಲೆ ಕೂತು ಉಳಿದವರನ್ನು ಕೇಳಿ.